ಗೋಪಾಲಸ್ವಾಮಿ ಬೆಟ್ಟದ ಕಾಡುಮಂದೆ: ಎಣಿಸುವವರು, ಕಾಯುವವರು

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಂಗಳ ಎಂಬ ಗ್ರಾಮವಿದೆ. ಅಲ್ಲಿ ಬಲಕ್ಕೆ ತಿರುಗಿ ಹೊಲಗಳ ನಡುವಣ ದಾರಿಯಲ್ಲಿ ಸಾಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲು ಸಿಗುತ್ತದೆ. ಸಮುದ್ರಮಟ್ಟದಿಂದ ೧,೪೫೪ ಮೀಟರು ಎತ್ತರವಿರುವ ಈ ಬೆಟ್ಟ ಬಂಡೀಪುರ ಅರಣ್ಯದ ಅತ್ಯುನ್ನತ ಶಿಖರ. ವರ್ಷದ ಬಹುಭಾಗ ಇದರ ನೆತ್ತಿಯನ್ನು ಮಂಜು ಮುಸುಕಿರುತ್ತದೆಯಾದುದರಿಂದ ‘ಹಿಮವದ್’ ಎಂಬ ವಿಶೇಷಣ ಇದಕ್ಕೆ ಅನ್ವರ್ಥವಾಗಿದೆ. ಶಿಖರದ ಮೇಲೆ ವೇಣುಗೋಪಾಲನ ಪ್ರಾಚೀನ ದೇವಾಲಯವಿದೆ. ಕೊಳಲನ್ನು ಹಿಡಿದ ಈ ದೇವರು ಗೋವುಗಳನ್ನು ಕಾಯುವವನು.

ಮಂಜು ಸರಿದಾಗ ದೇವಾಲಯದ ಬಳಿ ನಿಂತು ನೋಡಿದರೆ ನಮಗೆ ಎರಡು ಲೋಕಗಳು ಕಾಣುತ್ತವೆ. ಒಂದು ಕಡೆ ಅಲೆಯಲೆಯಾಗಿ ಇಳಿದುಹೋಗುವ ಹುಲ್ಲಿನ ಬೋರೆಗಳು, ಕಣಿವೆಗಳಲ್ಲಿ ದಟ್ಟವಾದ ಮರಗಳು, ದೂರದಲ್ಲಿ ನೀಲಗಿರಿಯ ಸಾಲು. ಇನ್ನೊಂದು ಕಡೆ ರಾಗಿ, ಜೋಳ, ಹುರುಳಿ, ಅರಿಸಿನ, ಸೂರ್ಯಕಾಂತಿ ಬೆಳೆದ ಹೊಲಗಳು, ಹೆಂಚಿನ ಮನೆಗಳು, ದನಗಳ ಮಂದೆಗಳು. ಅದೃಷ್ಟವಿದ್ದರೆ ಎದುರಿನ ಬೋರೆಯ ಮೇಲೆ ಕಪ್ಪು ಚುಕ್ಕೆಗಳಂತೆ ಆನೆಗಳು ಮೇಯುವುದನ್ನೂ ಕಾಣಬಹುದು. ದೇವಾಲಯದ ಆವರಣದ ಬಳಿಗೇ ಕಾಡಾನೆ ಬಂದು ಹೋಗುವುದೂ ಉಂಟು.

ಇಂತಹ ದೃಶ್ಯವನ್ನು ಕಂಡವರಲ್ಲಿ ಕೆಲವು ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಈ ಕಾಡಿನಲ್ಲಿ ಎಷ್ಟು ಆನೆಗಳಿವೆ? ಹುಲಿಗಳೆಷ್ಟು? ಕಣ್ಣಿಗೆ ಬೀಳದಂತೆ ಬದುಕುವ ಪ್ರಾಣಿಗಳನ್ನು ಎಣಿಸುವುದಾದರೂ ಹೇಗೆ? ಎಣಿಸಿ ಆಗಬೇಕಾದುದೇನು? ಕೊನೆಯದಾಗಿ, ಆ ಆನೆ ರಾತ್ರಿ ಕೆಳಗಿನ ಹೊಲಕ್ಕೆ ಇಳಿದರೆ ಅಲ್ಲಿಯ ರೈತನ ಪಾಡೇನು? ಈ ಲೇಖನದಲ್ಲಿ ನಾವು ಇವುಗಳಿಗೆ ಉತ್ತರ ಹುಡುಕೋಣ. ಉತ್ತರಗಳಲ್ಲಿ ಬಹುಪಾಲು ಇದೇ ಬೆಟ್ಟದ ಸುತ್ತಲಿನ ಕಾಡುಗಳಲ್ಲಿಯೇ ದೊರೆತಿವೆ ಎಂಬುದು ನಮ್ಮ ನಾಡಿನ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಷಯ.

ದೇವರ ಹೆಸರಿನ ವನ

ಮೈಸೂರು ಅರಸರ ಕಾಲದಲ್ಲಿ ಈ ಪ್ರದೇಶ ರಾಜರ ಬೇಟೆಯ ಕಾಡಾಗಿತ್ತು. ೧೯೩೧ರಲ್ಲಿ ಇಲ್ಲಿಯ ಸುಮಾರು ೯೦ ಚದರ ಕಿಲೊಮೀಟರು ಭಾಗವನ್ನು ಪ್ರಾಣಿಗಳ ರಕ್ಷಣೆಗಾಗಿ ಮೀಸಲಿಟ್ಟರು. ಇದು ಸಾಲದೆಂದು ಕಂಡುಬಂದುದರಿಂದ ೧೯೪೧ರಲ್ಲಿ ಸುಮಾರು ೮೦೦ ಚದರ ಕಿಲೊಮೀಟರಿಗೆ ವಿಸ್ತರಿಸಿ ‘ವೇಣುಗೋಪಾಲ ವನ್ಯಮೃಗ ವನ’ವೆಂದು ಹೆಸರಿಟ್ಟರು. ಹೆಸರು ಈ ಬೆಟ್ಟದ ದೇವರದೇ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಬೇಟೆಗೆ ದೇಶದಾದ್ಯಂತ ಕಡಿವಾಣ ಬಿದ್ದಿತು. ಮರುವರ್ಷ ‘ಹುಲಿ ಯೋಜನೆ’ ಪ್ರಾರಂಭವಾದಾಗ ಅದಕ್ಕೆ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು.

ಕಾಡನ್ನು ಮೀಸಲಿಟ್ಟ ಮಾತ್ರಕ್ಕೆ ಅಲ್ಲಿಯ ಪ್ರಾಣಿಗಳ ವಿಷಯ ತಿಳಿದಂತಾಗಲಿಲ್ಲ. ಅದುವರೆಗೆ ಕಾಡುಪ್ರಾಣಿಗಳ ಬಗೆಗೆ ಇದ್ದ ಬರವಣಿಗೆಯಲ್ಲಿ ಹೆಚ್ಚಿನದು ಬೇಟೆಗಾರರದು. ಬೇಟೆಗಾರನ ಜ್ಞಾನ ಅಲ್ಪವೇನೂ ಅಲ್ಲ. ಆದರೆ ಪ್ರಾಣಿಯನ್ನು ಕೊಲ್ಲಲು ಬೇಕಾದ ತಿಳಿವಳಿಕೆ ಬೇರೆ, ಅದು ಹುಟ್ಟಿ, ಬೆಳೆದು, ಮರಿಗಳನ್ನು ಸಾಕಿ ಸಾಯುವವರೆಗಿನ ಜೀವನಕ್ರಮವನ್ನು ಅರಿಯಲು ಬೇಕಾದ ತಾಳ್ಮೆ ಬೇರೆ.

ಕೆನ್ನಾಯಿಗಳ ಹಿಂದೆ

ಈ ತಾಳ್ಮೆಗೆ ಒಂದು ಉತ್ತಮ ಉದಾಹರಣೆ ಎ. ಜೆ. ಟಿ. ಜಾನ್‌ಸಿಂಗ್ ಅವರು ೧೯೭೬ರಿಂದ ೧೯೭೮ರವರೆಗೆ ಬಂಡೀಪುರದಲ್ಲಿ ನಡೆಸಿದ ಅಧ್ಯಯನ. ಅವರು ಆರಿಸಿಕೊಂಡುದು ಹುಲಿಯನ್ನಲ್ಲ, ಯಾರೂ ಮೆಚ್ಚದ ಕೆನ್ನಾಯಿಯನ್ನು. ಸೀಳುನಾಯಿ, ಕಾಡುನಾಯಿ ಎಂದೂ ಕರೆಯಲ್ಪಡುವ ಈ ಪ್ರಾಣಿ ಗುಂಪುಕಟ್ಟಿಕೊಂಡು ಹಗಲಿನಲ್ಲಿ ಬೇಟೆಯಾಡುತ್ತದೆ. ಎರೆಯನ್ನು ಅಟ್ಟಿ ಹಿಡಿದು ಜೀವವಿರುವಾಗಲೇ ಹರಿದು ತಿನ್ನುವುದರಿಂದ ಇದು ಕ್ರೂರಪ್ರಾಣಿಯೆಂದು ಹೆಸರಾಯಿತು. ಜಿಂಕೆಗಳ ಸಂತತಿಯನ್ನೇ ನಾಶಮಾಡುವ ಪೀಡೆಯೆಂದು ಬಗೆದು, ಬ್ರಿಟಿಷರ ಕಾಲದಲ್ಲಿ ಇದನ್ನು ಕೊಂದವರಿಗೆ ಸರಕಾರವೇ ಬಹುಮಾನ ಕೊಡುತ್ತಿದ್ದಿತು.

ಜಾನ್‌ಸಿಂಗ್ ಅವರ ಬಳಿ ಇದ್ದ ಸಾಧನಗಳು ಕೆಲವೇ: ದುರ್ಬೀನು, ಟಿಪ್ಪಣಿ ಪುಸ್ತಕ, ನಡೆಯಬಲ್ಲ ಕಾಲುಗಳು. ಕೆನ್ನಾಯಿಗಳು ಹೆಜ್ಜೆಯಿಟ್ಟ ಜಾಡನ್ನು ಹಿಡಿದು, ಅವು ಪರಸ್ಪರ ಕರೆಯಲು ಹಾಕುವ ಶಿಳ್ಳೆಯಂತಹ ಧ್ವನಿಯನ್ನು ಆಲಿಸಿ, ಕಾಗೆ ಹದ್ದುಗಳು ಎಲ್ಲಿ ಇಳಿಯುತ್ತಿವೆಯೆಂಬುದನ್ನು ಗಮನಿಸಿ ಅವು ಬೇಟೆಯಾಡಿದ ಸ್ಥಳಗಳನ್ನು ಗುರುತಿಸಬೇಕಾಗಿತ್ತು. ಸತ್ತ ಜಿಂಕೆಯ ವಯಸ್ಸು, ಲಿಂಗ, ಆರೋಗ್ಯ ಇವೆಲ್ಲವನ್ನೂ ಬರೆದಿಡಬೇಕಾಗಿತ್ತು.

ಪ್ರಾಣಿಗಳ ಹಿಕ್ಕೆಯೂ ಇಂತಹ ಅಧ್ಯಯನದಲ್ಲಿ ಅಮೂಲ್ಯ ಸಾಕ್ಷಿ. ಮಾಂಸಾಹಾರಿಯ ಹೊಟ್ಟೆಯಲ್ಲಿ ಮಾಂಸ ಕರಗುತ್ತದೆ, ಆದರೆ ಎರೆಯ ರೋಮ ಕರಗದೆ ಹಾಗೆಯೇ ಹೊರಬರುತ್ತದೆ. ಆ ರೋಮವನ್ನು ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಅದರ ಮೇಲ್ಮೈಯ ಹುರುಪೆಗಳ ವಿನ್ಯಾಸವೂ ಒಳತಿರುಳಿನ ರಚನೆಯೂ ಕಾಣುತ್ತವೆ. ಚುಕ್ಕೆಜಿಂಕೆಯ ರೋಮದ ವಿನ್ಯಾಸ ಒಂದು ಬಗೆ, ಕಡವೆಯದು ಮತ್ತೊಂದು, ಮೊಲದ್ದು ಇನ್ನೊಂದು. ಹೀಗೆ ಒಂದು ಪ್ರಾಣಿಯನ್ನೂ ಮುಟ್ಟದೆ, ಬೆದರಿಸದೆ, ಅದು ಹಿಂದಿನ ದಿನ ಏನನ್ನು ತಿಂದಿತೆಂಬುದನ್ನು ಹೇಳಬಹುದು.

ಈ ಅಧ್ಯಯನದಿಂದ ತಿಳಿದುಬಂದುದೇನು? ಕೆನ್ನಾಯಿಯ ಗುಂಪು ಒಂದು ಅವಿಭಕ್ತ ಕುಟುಂಬದಂತೆ. ಸಾಮಾನ್ಯವಾಗಿ ಒಂದು ಹೆಣ್ಣು ಮರಿಹಾಕುತ್ತದೆ, ಗುಂಪಿನ ಉಳಿದ ಸದಸ್ಯರೂ ಬೇಟೆಯಿಂದ ಮರಳಿ ಬಂದು ಮರಿಗಳಿಗೆ ಮಾಂಸವನ್ನು ಕಕ್ಕಿ ಉಣಿಸುತ್ತವೆ. ಅವು ಜಿಂಕೆಯ ಸಂತತಿಯನ್ನು ಅಳಿಸಿಹಾಕುತ್ತವೆಂಬುದಕ್ಕೆ ಆಧಾರವಿರಲಿಲ್ಲ. ನಮ್ಮ ದೇಶದಲ್ಲಿ ಭಾರತೀಯ ವಿಜ್ಞಾನಿಯೊಬ್ಬರು ಸ್ವತಂತ್ರವಾಗಿ ತಿರುಗುವ ದೊಡ್ಡ ಮಾಂಸಾಹಾರಿಯ ಬಗೆಗೆ ನಡೆಸಿದ ಮೊದಲ ಕ್ಷೇತ್ರಾಧ್ಯಯನಗಳಲ್ಲಿ ಇದು ಅಗ್ರಗಣ್ಯವಾದುದು.

ಮುಂದೆ ನೆರೆಯ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತ ಮತ್ತು ಅಮೆರಿಕದ ಮೆಲ್ವಿನ್ ಸನ್‌ಕ್ವಿಸ್ಟ್ ಇದೇ ಪ್ರಶ್ನೆಯನ್ನು ವಿಸ್ತರಿಸಿದರು. ಹುಲಿ, ಚಿರತೆ, ಕೆನ್ನಾಯಿ, ಈ ಮೂರು ಬೇಟೆಪ್ರಾಣಿಗಳು ಒಂದೇ ಕಾಡಿನಲ್ಲಿ ಹೇಗೆ ಬಾಳುತ್ತವೆ? ೧೯೯೫ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಹುಲಿಯ ಎರೆಯ ಸರಾಸರಿ ತೂಕ ೯೦ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಕೆನ್ನಾಯಿಯದು ಸುಮಾರು ೪೩, ಚಿರತೆಯದು ಸುಮಾರು ೩೮. ಹುಲಿ ಕಾಟಿ ಕಡವೆಗಳಂತಹ ದೊಡ್ಡ ಪ್ರಾಣಿಗಳನ್ನು ಅರಸಿದರೆ ಮಿಕ್ಕವು ಜಿಂಕೆಯ ಗಾತ್ರದವುಗಳಿಂದ ತೃಪ್ತವಾಗುತ್ತವೆ. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ಹುಲಿಯನ್ನು ಉಳಿಸಬೇಕಾದರೆ ಮೊದಲು ಕಾಟಿಯನ್ನೂ ಕಡವೆಯನ್ನೂ ಉಳಿಸಬೇಕು. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು ಐವತ್ತು ಪ್ರಾಣಿಗಳು ಆಹಾರವಾಗಿ ಬೇಕು.

ಅವರೆಕಾಳಿನ ಲೆಕ್ಕ

ಇನ್ನು ಎಣಿಕೆಯ ವಿಷಯಕ್ಕೆ ಬರೋಣ. ಬಹುಕಾಲ ಹುಲಿಗಳನ್ನು ಅವುಗಳ ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಒಂದೊಂದು ಹುಲಿಯ ಹೆಜ್ಜೆಯೂ ಬೇರೆಯೆಂದು ಭಾವಿಸಿ, ಗಾಜಿನ ಮೇಲೆ ಅದರ ರೇಖೆಯನ್ನು ತೆಗೆದು ಒಂದಕ್ಕೊಂದನ್ನು ಹೋಲಿಸುವುದು ಈ ಕ್ರಮ. ಆದರೆ ಒಂದೇ ಹುಲಿ ಒದ್ದೆ ಮಣ್ಣಿನಲ್ಲಿ ಒಂದು ಬಗೆಯ ಗುರುತನ್ನೂ ಒಣಧೂಳಿನಲ್ಲಿ ಮತ್ತೊಂದು ಬಗೆಯ ಗುರುತನ್ನೂ ಬಿಡುತ್ತದೆ. ರೇಖೆ ತೆಗೆಯುವವನ ಕೈಯಿಂದಲೂ ವ್ಯತ್ಯಾಸ ಉಂಟಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗುರುತು ಸಿಕ್ಕದ ಹುಲಿಗಳೆಷ್ಟು ಎಂಬುದಕ್ಕೆ ಈ ಕ್ರಮದಲ್ಲಿ ಉತ್ತರವಿಲ್ಲ. ರಾಜಸ್ಥಾನದ ಸಾರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು ೨೦೦೫ರಲ್ಲಿ ಬಯಲಾದಾಗ ದೇಶವೇ ಬೆಚ್ಚಿಬಿದ್ದಿತು. ಅನಂತರ ರಾಷ್ಟ್ರಮಟ್ಟದ ಅಂದಾಜಿಗೆ ಹೆಜ್ಜೆಗುರುತಿನ ಲೆಕ್ಕವನ್ನು ಕೈಬಿಟ್ಟರು.

ಅದಕ್ಕೆ ಬದಲಾಗಿ ಬಂದ ಕ್ರಮವನ್ನು ತಿಳಿಯಲು ಓದುಗರು ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಒಂದು ಡಬ್ಬಿಯ ತುಂಬ ಅವರೆಕಾಳನ್ನು ತೆಗೆದುಕೊಳ್ಳಿ, ಎಷ್ಟಿವೆಯೆಂದು ಎಣಿಸಬೇಡಿ. ಕೈಹಾಕಿ ೫೦ ಕಾಳುಗಳನ್ನು ತೆಗೆದು ಶಾಯಿಯಿಂದ ಗುರುತು ಮಾಡಿ ಡಬ್ಬಿಗೆ ಮರಳಿ ಹಾಕಿ. ಚೆನ್ನಾಗಿ ಕಲಸಿ, ಈ ಬಾರಿ ನೋಡದೆ ೬೦ ಕಾಳುಗಳನ್ನು ತೆಗೆಯಿರಿ. ಅವುಗಳಲ್ಲಿ ೧೨ಕ್ಕೆ ಶಾಯಿಯ ಗುರುತಿದೆಯೆಂದು ಇಟ್ಟುಕೊಳ್ಳೋಣ. ಎಂದರೆ ತೆಗೆದ ಕಾಳುಗಳಲ್ಲಿ ಐದರಲ್ಲೊಂದು ಪಾಲು ಗುರುತಿನವು. ಡಬ್ಬಿಯಲ್ಲಿಯೂ ಇದೇ ಪ್ರಮಾಣವಿರಬೇಕು. ಗುರುತು ಮಾಡಿದ ೫೦ ಕಾಳುಗಳು ಒಟ್ಟಿನ ಐದನೆಯ ಒಂದು ಭಾಗವಾದರೆ, ಒಟ್ಟು ಕಾಳುಗಳು ಸುಮಾರು ೨೫೦. ಈಗ ಎಲ್ಲವನ್ನೂ ಎಣಿಸಿ ನೋಡಿ. ಉತ್ತರ ಸರಿಯಾಗಿ ೨೫೦ ಆಗದಿದ್ದರೂ ಸಮೀಪದಲ್ಲಿರುತ್ತದೆ.

ಕಾಡಿನ ಹುಲಿಗೆ ಶಾಯಿ ಬಳಿಯುವವರು ಯಾರು? ಆ ಕೆಲಸವನ್ನು ಪ್ರಕೃತಿಯೇ ಮಾಡಿಟ್ಟಿದೆ. ನಮ್ಮ ಬೆರಳಚ್ಚಿನಂತೆ ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಹುಲಿ ನಡೆಯುವ ಕಾಡುದಾರಿಯ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ಕ್ಯಾಮರಾಗಳನ್ನು ಕಟ್ಟುತ್ತಾರೆ. ಎರಡು ಏಕೆಂದರೆ, ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತೆ ಇರುವುದಿಲ್ಲ. ಪ್ರಾಣಿಯ ಮೈಯ ಶಾಖವನ್ನೂ ಚಲನೆಯನ್ನೂ ಗ್ರಹಿಸಿ ಕ್ಯಾಮರಾ ತಾನಾಗಿಯೇ ಚಿತ್ರ ತೆಗೆಯುತ್ತದೆ. ಮೊದಲ ಬಾರಿ ಚಿತ್ರದಲ್ಲಿ ಸಿಕ್ಕ ಹುಲಿ ಗುರುತು ಮಾಡಿದ ಕಾಳಿದ್ದಂತೆ. ಅದೇ ಹುಲಿ ಮತ್ತೆ ಎಷ್ಟು ಬಾರಿ ಸಿಕ್ಕುತ್ತದೆಂಬುದರಿಂದ ಸಿಕ್ಕದೆ ಉಳಿದವು ಎಷ್ಟಿರಬಹುದೆಂದು ಗಣಿಸುತ್ತಾರೆ. ಈ ಕ್ರಮವನ್ನು ಹುಲಿಗಳಿಗೆ ಅನ್ವಯಿಸಿದ ಮೊದಲ ಪ್ರಬಂಧವನ್ನು ಕಾರಂತರು ೧೯೯೫ರಲ್ಲಿ ನಾಗರಹೊಳೆಯ ಹುಲಿಗಳನ್ನು ಆಧರಿಸಿ ಪ್ರಕಟಿಸಿದರು. ಅನಂತರ ಸಂಖ್ಯಾಶಾಸ್ತ್ರದಲ್ಲಿ ಪರಿಣತರಾದ ಜೇಮ್ಸ್ ನಿಕೋಲ್ಸ್ ಅವರೊಡಗೂಡಿ ಅದನ್ನು ಇನ್ನಷ್ಟು ಬೆಳೆಸಿದರು. ಇಂದು ಈ ವಿಧಾನವನ್ನು ಪ್ರಪಂಚದ ಅನೇಕ ದೇಶಗಳಲ್ಲಿ ಚಿರತೆ, ಜಾಗ್ವಾರ್ ಮೊದಲಾದ ಪ್ರಾಣಿಗಳಿಗೂ ಬಳಸುತ್ತಿದ್ದಾರೆ.

ಕಾಳಿನ ಪ್ರಯೋಗ ಸರಿಯಾಗಬೇಕಾದರೆ ಕೆಲವು ನಿಬಂಧನೆಗಳಿವೆ. ನಡುವೆ ಯಾರೂ ಡಬ್ಬಿಗೆ ಕಾಳು ಸುರಿಯಬಾರದು, ತೆಗೆಯಬಾರದು, ಗುರುತು ಅಳಿಸಬಾರದು. ಕಾಡಿನಲ್ಲಿಯೂ ಹಾಗೆಯೇ. ಹುಲಿಗಳು ಹುಟ್ಟುತ್ತ ಸಾಯುತ್ತ, ಬರುತ್ತ ಹೋಗುತ್ತ ಇರುವುದರಿಂದ ಚಿತ್ರ ತೆಗೆಯುವ ಕೆಲಸವನ್ನು ಕೆಲವೇ ವಾರಗಳಲ್ಲಿ ಮುಗಿಸಬೇಕು. ೨೦೦೬ರ ಅಂದಾಜಿನಲ್ಲಿ ಭಾರತದಲ್ಲಿ ೧,೪೧೧ ಹುಲಿಗಳಿದ್ದವು. ೨೦೨೨ರ ಅಂದಾಜಿನಲ್ಲಿ ಅವುಗಳ ಸರಾಸರಿ ಸಂಖ್ಯೆ ೩,೬೮೨. ಕರ್ನಾಟಕದ ಪಾಲು ೫೬೩. ಬಂಡೀಪುರ ಒಂದರಲ್ಲಿಯೇ ಸುಮಾರು ೧೫೦ ಹುಲಿಗಳಿದ್ದು, ದೇಶದ ಹುಲಿಧಾಮಗಳಲ್ಲಿ ಕಾರ್ಬೆಟ್ಟಿನ ಅನಂತರದ ಸ್ಥಾನ ಇದರದಾಯಿತು.

ಆನೆಯ ಲದ್ದಿಯ ಸಾಕ್ಷ್ಯ

ಆನೆಗೆ ಪಟ್ಟೆಗಳಿಲ್ಲ. ಆದ್ದರಿಂದ ಬೇರೆ ದಾರಿ ಬೇಕು. ಕಾಡನ್ನು ತುಂಡುತುಂಡಾಗಿ ವಿಭಾಗಿಸಿ, ಆಯ್ದ ತುಂಡುಗಳಲ್ಲಿ ಒಂದೇ ದಿನ ನಡೆದು ಕಂಡ ಆನೆಗಳನ್ನು ಎಣಿಸುವುದು ಒಂದು ಕ್ರಮ. ೨೦೨೩ರಲ್ಲಿ ದಕ್ಷಿಣದ ರಾಜ್ಯಗಳು ಒಟ್ಟಾಗಿ ನಡೆಸಿದ ಗಣತಿಯಲ್ಲಿ ಕರ್ನಾಟಕದ ಆನೆಗಳು ೬,೩೯೫ ಎಂದು ಅಂದಾಜಾಯಿತು. ಅದರಲ್ಲಿ ೧,೧೧೬ ಬಂಡೀಪುರದವು. ರಾಜ್ಯದಲ್ಲಿ ಇದೇ ಅತಿ ಹೆಚ್ಚು.

ಇನ್ನೊಂದು ಕ್ರಮ ಹೊಸದು. ಆನೆಯ ಲದ್ದಿಯ ಹೊರಮೈಗೆ ಅದರ ಕರುಳಿನ ಜೀವಕೋಶಗಳು ಅಂಟಿಕೊಂಡು ಬರುತ್ತವೆ. ಆ ಕೋಶಗಳೊಳಗಿನ ಡಿ.ಎನ್.ಎ. ಒಂದೊಂದು ಆನೆಯಲ್ಲಿಯೂ ಬೇರೆಬೇರೆ. ಎರಡು ಕಡೆ ಸಿಕ್ಕ ಲದ್ದಿ ಒಂದೇ ಆನೆಯದೋ ಬೇರೆ ಆನೆಗಳದೋ ಎಂಬುದನ್ನು ಪ್ರಯೋಗಶಾಲೆಯಲ್ಲಿ ನಿರ್ಧರಿಸಬಹುದು. ಅಲ್ಲಿಂದ ಮುಂದಕ್ಕೆ ಅವರೆಕಾಳಿನ ಲೆಕ್ಕವೇ. ಈ ವಿಧಾನದಿಂದ ನಡೆಸಿ ೨೦೨೫ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ ೬,೦೧೩. ಎರಡು ಅಂಕೆಗಳನ್ನು ಇಟ್ಟುಕೊಂಡು ಆನೆಗಳು ಕಡಿಮೆಯಾದುವೆಂದು ಯಾರೂ ತೀರ್ಮಾನಿಸಬಾರದು. ಅಳೆಯುವ ಕೋಲು ಬೇರೆಯಾದಾಗ ಅಳತೆಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ಎಣಿಕೆಗಿಂತಲೂ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಆನೆ ಬೆಳೆಗೆ ನುಗ್ಗುವುದೇಕೆ? ಭಾರತೀಯ ವಿಜ್ಞಾನ ಮಂದಿರದ ರಾಮನ್ ಸುಕುಮಾರ್ ಅವರು ೧೯೮೦ರ ದಶಕದ ಪ್ರಾರಂಭದಲ್ಲಿ ಚಾಮರಾಜನಗರದ ಸುತ್ತಲಿನ ಕಾಡುಗಳಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕಾಡಿನಲ್ಲಿ ಮೇವಿಲ್ಲದೆ ಹಸಿದು ಬರುತ್ತವೆಂಬುದು ಸಾಮಾನ್ಯವಾದ ನಂಬಿಕೆ. ಅದು ಅರ್ಧಸತ್ಯವಷ್ಟೆ. ರಾಗಿ ತೆನೆಗಟ್ಟುವ ಕಾಲ ಮಳೆಗಾಲದ ಬೆನ್ನಿಗೇ ಬರುತ್ತದೆ. ಆಗ ಕಾಡಿನಲ್ಲಿಯೂ ಮೇವಿರುತ್ತದೆ. ಆದರೆ ಕಾಡಿನ ಬಲಿತ ಹುಲ್ಲಿಗಿಂತ ರಾಗಿಯ ಪೈರಿನಲ್ಲಿ ಪ್ರೋಟೀನೂ ಲವಣಾಂಶಗಳೂ ಹೆಚ್ಚು. ಹೊಲದಲ್ಲಿ ಅದು ಒತ್ತಾಗಿ ಒಂದೆಡೆ ಸಿಗುತ್ತದೆ.

ಅವರು ಕಂಡುಕೊಂಡ ಇನ್ನೊಂದು ಸಂಗತಿ ಬಹು ಸ್ವಾರಸ್ಯವಾದುದು. ಬೆಳೆದ ಒಂಟಿ ಸಲಗ, ಹೆಣ್ಣಾನೆಗಳ ಹಿಂಡಿಗಿಂತ ಸುಮಾರು ಆರು ಪಟ್ಟು ಹೆಚ್ಚು ರಾತ್ರಿಗಳಲ್ಲಿ ಹೊಲಕ್ಕೆ ನುಗ್ಗುತ್ತದೆ. ಹಿಂಡಿನೊಡನೆ ಮರಿಗಳಿರುವುದರಿಂದ ತಾಯಂದಿರು ಅಪಾಯದಿಂದ ದೂರವಿರುತ್ತವೆ. ಗಂಡಿನ ಸ್ಥಿತಿ ಬೇರೆ. ಮೈಬೆಳೆಸಿ ಬಲಿಷ್ಠವಾದ ಗಂಡಿಗೆ ಮಾತ್ರ ಸಂತಾನಭಾಗ್ಯ. ಆದ್ದರಿಂದ ಅದು ಅಪಾಯವನ್ನು ಲೆಕ್ಕಿಸದೆ ಪುಷ್ಟಿಕರವಾದ ಆಹಾರವನ್ನು ಅರಸುತ್ತದೆ. ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ ೧೯೮೮ರಲ್ಲಿ ಈ ವಿವರಣೆಯನ್ನು ಪ್ರಕಟಿಸಿದರು. ಇದರ ಪ್ರಯೋಜನವೇನೆಂದು ಕೇಳಬಹುದು. ಹಾನಿಯ ದೊಡ್ಡ ಪಾಲು ಕೆಲವೇ ಸಲಗಗಳಿಂದ ಆಗುತ್ತದೆಂದು ತಿಳಿದರೆ, ಆನೆಗಳನ್ನೆಲ್ಲ ಶತ್ರುಗಳೆಂದು ಬಗೆಯಬೇಕಾಗಿಲ್ಲ. ಆ ಕೆಲವನ್ನು ಗುರುತಿಸಿ ಅವುಗಳ ಮೇಲೆ ನಿಗಾ ಇಟ್ಟರೆ ಬಹಳಷ್ಟು ನಷ್ಟ ತಪ್ಪುತ್ತದೆ.

ಗೋವು, ಕಾಟಿ ಮತ್ತು ಕಾಫಿ

ಗೋಪಾಲನ ಬೆಟ್ಟದ ಕಥೆಯಲ್ಲಿ ಗೋವಿನ ಪಾತ್ರ ಬರದಿರಲು ಸಾಧ್ಯವೆ? ೧೯೬೮ರಲ್ಲಿ ಬಂಡೀಪುರದ ಕಾಟಿಗಳಿಗೆ ಒಂದು ಮಹಾಮಾರಿ ತಗಲಿತು. ಅದು ನಮ್ಮ ಹಳ್ಳಿಗರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಸಾಂಕ್ರಾಮಿಕ ಜಾಡ್ಯ. ಕಾಟಿ ಹಸುವಿನ ಹತ್ತಿರದ ಬಂಧುವಾದುದರಿಂದ ಹಸುವಿನ ರೋಗ ಅದಕ್ಕೂ ತಗಲುತ್ತದೆ. ಒಂದೇ ಕೆರೆಯ ನೀರು, ಒಂದೇ ಹುಲ್ಲುಗಾವಲು ಇದ್ದ ಮೇಲೆ ರೋಗ ದಾಟಿಬರಲು ಬೇರೆ ಸೇತುವೆ ಬೇಕಿಲ್ಲ. ಕಾಟಿಗಳು ಬಹುಸಂಖ್ಯೆಯಲ್ಲಿ ಸತ್ತವು. ಅವುಗಳ ಸಂತತಿ ಚೇತರಿಸಿಕೊಳ್ಳಲು ಅನೇಕ ವರ್ಷಗಳು ಬೇಕಾದವು. ದನಗಳಿಗೆ ಲಸಿಕೆ ಹಾಕುವ ಕಾರ್ಯ ದೇಶದಾದ್ಯಂತ ನಡೆದುದರ ಫಲವಾಗಿ ಭಾರತ ೨೦೦೬ರಲ್ಲಿಯೂ ಇಡೀ ಜಗತ್ತು ೨೦೧೧ರಲ್ಲಿಯೂ ಈ ರೋಗದಿಂದ ಮುಕ್ತವೆಂದು ಘೋಷಿತವಾದವು. ಹಳ್ಳಿಯ ಕೊಟ್ಟಿಗೆಯಲ್ಲಿ ಹಸುವಿಗೆ ಚುಚ್ಚಿದ ಸೂಜಿ ಕಾಡಿನ ಕಾಟಿಯನ್ನೂ ಕಾಪಾಡಿತು.

ರೋಗ ಹೋದರೂ ಮೇವಿನ ಪೈಪೋಟಿ ಉಳಿಯಿತು. ಎಂ. ಡಿ. ಮಧುಸೂದನ್ ಎಂಬ ವಿಜ್ಞಾನಿ ಬಂಡೀಪುರದ ಅಂಚಿನಲ್ಲಿ ನಡೆಸಿದ ಅಧ್ಯಯನವೊಂದು ೨೦೦೫ರಲ್ಲಿ ಪ್ರಕಟವಾಯಿತು. ಹಾಲು ಕಡಿಮೆ ಕೊಡುವ, ಉಳುಮೆಗೂ ಬೇಕಾಗದ ಅಷ್ಟೊಂದು ದನಗಳನ್ನು ಇಲ್ಲಿಯ ಜನ ಏಕೆ ಸಾಕುತ್ತಾರೆಂಬುದು ಅವರ ಪ್ರಶ್ನೆ. ಉತ್ತರ ಬಹುದೂರದಲ್ಲಿ ಸಿಕ್ಕಿತು. ೧೯೯೪ರಲ್ಲಿ ಬ್ರೆಜಿಲ್ ದೇಶದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿಯ ತೋಟಗಳು ಹಾಳಾದವು. ಪ್ರಪಂಚದಲ್ಲೆಲ್ಲ ಕಾಫಿಯ ಬೆಲೆ ಏರಿತು. ಅದೇ ದಶಕದಲ್ಲಿ ನಮ್ಮ ದೇಶದ ಕಾಫಿ ವ್ಯಾಪಾರದ ಮೇಲಿನ ನಿರ್ಬಂಧಗಳೂ ಸಡಿಲವಾದವು. ಕೈಯಲ್ಲಿ ಹಣವಿದ್ದ ತೋಟದ ಮಾಲಿಕರು ಗೊಬ್ಬರಕ್ಕಾಗಿ ಸಗಣಿಯನ್ನು ಕೊಳ್ಳತೊಡಗಿದರು. ಅದುವರೆಗೆ ತಮ್ಮ ಹೊಲಕ್ಕೆ ಹಾಕುತ್ತಿದ್ದ ಸಗಣಿ ಕಾಡಂಚಿನ ಜನರಿಗೆ ಮಾರಾಟದ ಸರಕಾಯಿತು. ದನ ಕಾಡಿನಲ್ಲಿ ಮೇಯುತ್ತದೆ, ಸಂಜೆ ಮನೆಗೆ ಬಂದು ಸಗಣಿ ಹಾಕುತ್ತದೆ. ಕಾಡಿನ ಸಾರ ಲಾರಿಯನ್ನೇರಿ ಕಾಫಿಯ ತೋಟಕ್ಕೆ ಹೋಗುತ್ತದೆ!

ಅದೇ ವಿಜ್ಞಾನಿಯ ಇನ್ನೊಂದು ಅಧ್ಯಯನದಲ್ಲಿ, ದನಗಳ ಮೇವು ತಗ್ಗಿದ ಭಾಗಕ್ಕೆ ಕಾಟಿಯೇ ಮೊದಲಾದ ಪ್ರಾಣಿಗಳು ಮರಳಿ ಬಂದುದು ಕಂಡುಬಂದಿತು. ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲವೆಂಬುದನ್ನು ನಾವು ಗಮನಿಸಬೇಕು. ಮಳೆಯನ್ನೇ ನೆಚ್ಚಿದ ಬಡರೈತ ನಾಲ್ಕು ಕಾಸಿಗಾಗಿ ಸಗಣಿ ಮಾರಿದರೆ ತಪ್ಪೇನು? ಆದರೆ ಕಾರಣ ಎಲ್ಲಿದೆಯೆಂದು ತಿಳಿಯದೆ ಪರಿಹಾರ ಹುಡುಕಿದರೆ ಅದು ಫಲಿಸುವುದಿಲ್ಲ.

ತಪ್ಪಲಿನಲ್ಲಿರುವವರ ಪಾಡು

ಸುಗ್ಗಿಯ ಕಾಲದಲ್ಲಿ ಈ ಬೆಟ್ಟದ ಕೆಳಗಿನ ಗ್ರಾಮಗಳ ರೈತರು ಅಟ್ಟಣೆಯ ಮೇಲೆ ಕುಳಿತು ರಾತ್ರಿಯಿಡೀ ಬೆಳೆ ಕಾಯುತ್ತಾರೆ. ಕಣ್ಣು ಮುಚ್ಚಿದ ಒಂದು ಗಳಿಗೆಯಲ್ಲಿ ವರ್ಷದ ಅನ್ನ ಹೋಗಬಹುದು. ಕೆಲವು ವೇಳೆ ಪ್ರಾಣವೇ ಹೋಗುತ್ತದೆ. ೨೦೧೯ರಲ್ಲಿ ಗೋಪಾಲಸ್ವಾಮಿ ಬೆಟ್ಟದ ವಲಯದ ಅಂಚಿನಲ್ಲಿ ಹುಲಿಯೊಂದು ಇಬ್ಬರನ್ನು ಕೊಂದಿತು. ಊರಿನವರ ದುಃಖವೂ ಕೋಪವೂ ನ್ಯಾಯವಾದುವೇ. ಸಾಕಿದ ಆನೆಗಳ ಸಹಾಯದಿಂದಲೂ ಜಾಡು ಹಿಡಿಯುವುದರಲ್ಲಿ ನಿಪುಣರಾದ ಸೋಲಿಗರ ನೆರವಿನಿಂದಲೂ ಆ ಅಕ್ಟೋಬರ್ ತಿಂಗಳಲ್ಲಿ ಆ ಹುಲಿಯನ್ನು ಜೀವಸಹಿತ ಹಿಡಿದರು.

ಕಾಡನ್ನು ಉಳಿಸುವುದರ ಲಾಭ ನಾಡಿಗೆಲ್ಲ ದೊರೆಯುತ್ತದೆ; ನದಿಯ ನೀರು ಪಟ್ಟಣಕ್ಕೆ ಹರಿಯುತ್ತದೆ. ನಷ್ಟವನ್ನು ಮಾತ್ರ ಕಾಡಂಚಿನವನೊಬ್ಬನೇ ಹೊರುವುದು ನ್ಯಾಯವಲ್ಲ. ಅದಕ್ಕಾಗಿಯೇ ಸರಕಾರ ಪರಿಹಾರಧನ ಕೊಡುತ್ತದೆ. ಆದರೆ ಅರ್ಜಿ, ಛಾಯಾಚಿತ್ರ, ಪಹಣಿ, ಕಚೇರಿಗೆ ಹಲವು ಬಾರಿಯ ಅಲೆದಾಟ, ಇವುಗಳಿಂದ ಬೇಸತ್ತ ಎಷ್ಟೋ ರೈತರು ಪರಿಹಾರ ಕೇಳುವುದೇ ಇಲ್ಲ. ಇದನ್ನು ಕಂಡ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ ೨೦೧೫ರಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಸುತ್ತಲಿನ ನೂರಾರು ಹಳ್ಳಿಗಳಿಗಾಗಿ ‘ವೈಲ್ಡ್ ಸೇವೆ’ ಎಂಬ ವ್ಯವಸ್ಥೆಯನ್ನು ಪ್ರಾರಂಭಿಸಿತು. ರೈತ ದೂರವಾಣಿಯಲ್ಲಿ ಹೇಳಿದರೆ ಕಾರ್ಯಕರ್ತರು ಹೊಲಕ್ಕೇ ಬಂದು ಹಾನಿಯನ್ನು ದಾಖಲಿಸಿ ಅರ್ಜಿ ಸಿದ್ಧಪಡಿಸುತ್ತಾರೆ. ಒಂದೊಂದು ಅರ್ಜಿಯೂ ಒಂದು ಮಾಹಿತಿಯಾಗುತ್ತದೆ: ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾವ ಬೆಳೆಗೆ ಹಾನಿ ಹೆಚ್ಚು? ಹೀಗೆ ನೆರವು ಮತ್ತು ಅಧ್ಯಯನಗಳು ಒಂದೇ ಕೆಲಸದಲ್ಲಿ ಸೇರಿವೆ.

ಪ್ರಾಣಿಗಳಿಗೂ ನಮ್ಮಿಂದ ಕಷ್ಟವುಂಟು. ಬಂಡೀಪುರದ ನಡುವೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿಯ ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳು ಅನೇಕ. ೨೦೦೯ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಸಂಚಾರವನ್ನು ನಿಷೇಧಿಸಿದರು. ೨೦೧೦ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವು ಬಸ್ಸುಗಳಿಗೂ ವಿನಾಯಿತಿಯಿದೆ.

ಬೆಂಕಿಯದು ಇನ್ನೊಂದು ಕಥೆ. ೨೦೧೯ರ ಫೆಬ್ರವರಿಯಲ್ಲಿ ಹೊತ್ತಿದ ಕಾಳ್ಗಿಚ್ಚು ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳನ್ನೂ ಸೇರಿಸಿಕೊಂಡು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ವಾಯುಸೇನೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿಯಬೇಕಾಯಿತು. ಕಾಡಿನೊಳಗೆ ಹೇರಳವಾಗಿ ಹಬ್ಬಿರುವ ಲಂಟಾನದ ಪೊದೆಗಳು ಒಣಗಿದಾಗ ಬೆಂಕಿಗೆ ಒಳ್ಳೆಯ ಉರುವಲು. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ತಂದ ಈ ಗಿಡ ಹುಲ್ಲನ್ನು ಬೆಳೆಯಗೊಡದೆ ಜಿಂಕೆ ಕಾಟಿಗಳ ಮೇವನ್ನು ಕಸಿದಿದೆ. ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆ ಬಲಿಯುವ ಮುನ್ನವೇ ನೆಲದ ತರಗೆಲೆಗೆ ಸಣ್ಣ ಬೆಂಕಿಯಿಡುತ್ತಿದ್ದರು. ಅದಕ್ಕೆ ತರಗು ಬೆಂಕಿಯೆಂದು ಹೆಸರು. ೧೯೭೪ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಈ ರೂಢಿ ಕ್ರಮೇಣ ನಿಂತಿತು. ಅದು ನಿಂತುದರಿಂದಲೇ ಲಂಟಾನ ಹೆಚ್ಚಿತೆಂದು ಅವರ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳು ಈ ಮಾತನ್ನು ಪರೀಕ್ಷಿಸಿ ಚರ್ಚಿಸುತ್ತಿದ್ದಾರೆ. ೨೦೧೧ರಲ್ಲಿ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೆ ಅಲ್ಲಿ ಮಾನ್ಯತೆ ದೊರೆತಿದೆ. ಕಾಡಿನಲ್ಲಿಯೇ ಹುಟ್ಟಿ ಬೆಳೆದವರ ಅನುಭವವನ್ನು ವಿಜ್ಞಾನ ಕಡೆಗಣಿಸಿದರೆ ನಷ್ಟ ವಿಜ್ಞಾನಕ್ಕೇ.

ವಿದ್ಯಾರ್ಥಿಗಳು ಮಾಡಬಹುದಾದುದು

ಇದೆಲ್ಲ ದೊಡ್ಡ ವಿಜ್ಞಾನಿಗಳ ಕೆಲಸ, ನಮ್ಮಿಂದೇನಾದೀತು ಎಂದು ವಿದ್ಯಾರ್ಥಿಗಳು ಹಿಂಜರಿಯಬಾರದು. ಅಧ್ಯಯನದ ಮೊದಲ ಪಾಠ ನೋಡುವುದು ಮತ್ತು ನೋಡಿದುದನ್ನು ಅಂದೇ ಬರೆದಿಡುವುದು. ನಿಮ್ಮ ಊರಿನ ಕೆರೆಗೆ ಯಾವ ಹಕ್ಕಿಗಳು ಯಾವ ತಿಂಗಳಲ್ಲಿ ಬರುತ್ತವೆ? ಶಾಲೆಯ ಅಂಗಳದ ಮರ ಎಂದು ಚಿಗುರಿತು, ಎಂದು ಹೂಬಿಟ್ಟಿತು? ದಿನಾಂಕ, ವೇಳೆ, ಸ್ಥಳಗಳೊಡನೆ ಐದು ವರ್ಷ ಬರೆದಿಟ್ಟರೆ ಅದು ಉಪಯುಕ್ತವಾದ ದಾಖಲೆಯಾಗುತ್ತದೆ. ಗ್ರಾಮದ ಹಿರಿಯರನ್ನು ಕೇಳಿ, ಅವರು ಬಲ್ಲ ಪ್ರಾಣಿಗಳ ಹೆಸರುಗಳನ್ನೂ ಅವುಗಳ ವರ್ತನೆಯನ್ನೂ ಬರೆದುಕೊಳ್ಳುವುದು ಮತ್ತೊಂದು ಒಳ್ಳೆಯ ಕೆಲಸ. ಅರಣ್ಯ ಇಲಾಖೆ ಗಣತಿಯ ಕಾಲದಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುವುದೂ ಉಂಟು.

ಬೆಟ್ಟಕ್ಕೆ ಹೋದಾಗಲೂ ನಮ್ಮ ಕರ್ತವ್ಯವಿದೆ. ಸ್ವಂತ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕೆಂಬ ನಿಯಮ ಪ್ರಾಣಿಗಳ ನೆಮ್ಮದಿಗಾಗಿ ಇರುವಂಥದು. ಅದನ್ನು ತೊಂದರೆಯೆಂದು ಭಾವಿಸಬಾರದು. ಪ್ಲಾಸ್ಟಿಕ್ ಎಸೆಯುವುದು, ಕೋತಿಗಳಿಗೂ ಆನೆಗೂ ತಿಂಡಿ ಕೊಡುವುದು, ಚಿತ್ರ ತೆಗೆಯುವುದಕ್ಕಾಗಿ ಆನೆಯ ಸಮೀಪಕ್ಕೆ ಹೋಗುವುದು, ಇವು ಭಕ್ತಿಯೂ ಅಲ್ಲ, ಪ್ರೀತಿಯೂ ಅಲ್ಲ. ತಿಂಡಿಯ ರುಚಿ ಹತ್ತಿದ ಆನೆ ನಾಳೆ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಅದರ ಫಲವನ್ನು ಅನುಭವಿಸುವವನು ನಾವಲ್ಲ, ತಪ್ಪಲಿನ ರೈತ.

ಸಂಜೆ ಕತ್ತಲಾಗುವ ಮೊದಲು ಭಕ್ತರೆಲ್ಲ ಬೆಟ್ಟದಿಂದ ಇಳಿಯುತ್ತಾರೆ. ಕೆಳಗೆ ರೈತ ಹಚ್ಚಡ ಹೊದೆದು ಅಟ್ಟಣೆ ಏರುವ ಹೊತ್ತೂ ಅದೇ. ಆ ರಾತ್ರಿ ಸಲಗ ಕಂದಕದ ಈಚೆಗೆ ಬರುವುದೋ ಇಲ್ಲವೋ ಎಂಬುದನ್ನು ಯಾವ ವಿಜ್ಞಾನಿಯೂ ನಿಶ್ಚಯವಾಗಿ ಹೇಳಲಾರ. ಆದರೆ ಅದು ಏಕೆ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಬಂದರೆ ಆ ರೈತನಿಗೆ ಸಲ್ಲಬೇಕಾದುದೇನು ಎಂಬುದನ್ನು ಇಂದು ನಾವು ಐವತ್ತು ವರ್ಷಗಳ ಹಿಂದಿನವರಿಗಿಂತ ಚೆನ್ನಾಗಿ ಬಲ್ಲೆವು. ತಿಳಿದುದನ್ನು ನಡೆಸಿಕೊಡುವ ಹೊಣೆ ನಮ್ಮೆಲ್ಲರದು.